ಮುಖವಿಲ್ಲದವರಿಗೆ ಮೂರ್ತಿ

ಮಡಿಕೇರಿ ಕೋಟೆಯೊಳಗೆ ಗಾರೆಯಲ್ಲಿ ಮಾಡಿದ ಎರಡು ಆನೆಗಳಿವೆ. ಅರಸರ ಕಾಲದವು. ಪ್ರವಾಸಿಗರು ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದೇ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ಈಸ್ಟ್ ಇಂಡಿಯಾ ಕಂಪನಿ ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿತು. ಅರಸರ ಆನೆಗಳಿಗೆ ಅಂದೇ ಸಿಕ್ಕ ರೂಪ ಅವರಿಗೆ ಸಿಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಈಗ ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯೂ ಎದ್ದು ನಿಂತಿದೆ. ಇವು ಏನನ್ನು ನೆನಪಿಡುತ್ತವೆ, ಏನನ್ನು ಕೈಬಿಡುತ್ತವೆ?

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ನುಂಗಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಹಣದಲ್ಲೇ ಕೊಡಬೇಕಾಯಿತು. 1837ರ ಮಾರ್ಚ್ ಕೊನೆಯಲ್ಲಿ ರೈತರು ಎದ್ದರು. ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಯಲ್ಲಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಎಲ್ಲ ಮುಗಿಯಿತು. ಆಮೇಲೆ ಉಳಿದದ್ದು ನೇಣು, ಮತ್ತು ಒಂದು ಹೆಸರು: ‘ಕಲ್ಯಾಣಪ್ಪನ ಕಾಟಕಾಯಿ’.

ಕಾಟಕಾಯಿ ಎಂದರೆ ಲೂಟಿ, ಉಪದ್ರವ. ಗೆದ್ದವರ ಮಾತು ಸೋತವರ ಊರಿನಲ್ಲೇ ತಲೆಮಾರುಗಳ ಕಾಲ ಉಳಿದುಬಿಟ್ಟಿತು. ಪ್ರತಿಮೆಗಳ ದೊಡ್ಡ ಗುಣ ಇಲ್ಲಿದೆ. ‘ಕಾಟಕಾಯಿ’ಯನ್ನು ‘ಸ್ವಾತಂತ್ರ್ಯ ಸಮರ’ ಎಂದು ಬದಲಿಸಿ ಕರೆಯುವ ಕೆಲಸವನ್ನು ಅವು ನಡುಬೀದಿಯಲ್ಲಿ ನಿಂತು ಮಾಡುತ್ತವೆ. ಪುಸ್ತಕ ಓದದವರಿಗೂ ಅದು ತಲುಪುತ್ತದೆ. ಅಷ್ಟರ ಮಟ್ಟಿಗೆ ಅವುಗಳಿಗೆ ಋಣಿಯಾಗಿರಬೇಕು.

ತೊಡಕು ಬೇರೆ ಕಡೆ ಇದೆ. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಚಿನ್ನ, ಬೆಳ್ಳಿಯ ಪದಕಗಳನ್ನು ಹಂಚಿತ್ತು. ಅದರ ಒಂದು ಬದಿಯಲ್ಲಿ ಕತ್ತಿ ಎತ್ತಿದ ಕೊಡಗಿನ ಯೋಧ. ಅಕ್ಷರಗಳು ಕನ್ನಡದಲ್ಲೂ ಇವೆ. ಅಂದರೆ ಕೊಡಗಿನ ವೀರನ ಚಿತ್ರವನ್ನು ಮೊದಲು ಲೋಹಕ್ಕೆ ಇಳಿಸಿದವರಲ್ಲಿ ಕೊಡಗನ್ನು ಕಸಿದವರೂ ಇದ್ದರು. ದಬ್ಬಾಳಿಕೆಗೆ ಉತ್ತರ ಕೊಡುವ ಕಲೆ ಮತ್ತೆ ಅದೇ ಒಂಟಿ ವೀರನ ಅಚ್ಚಿಗೆ ಬಿದ್ದರೆ, ಪದಕಕ್ಕೂ ಪ್ರತಿಮೆಗೂ ಇರುವ ಅಂತರ ಪೀಠದ ಮೇಲಿನ ಬರಹ ಮಾತ್ರ ಆಗಿಬಿಡಬಹುದು. ಊರು ಎರಡಾಗಿ ಒಡೆದಿತ್ತು ಎಂಬ ನೋವಿನ ಸಂಗತಿಯನ್ನು ಆ ಅಚ್ಚು ಹೇಳಲಾರದು.

ಇನ್ನೊಂದು ಕಷ್ಟ ಮುಖದ್ದು. ಚಿಕ್ಕವೀರರಾಜನ ಮಗಳು ಗೌರಮ್ಮನನ್ನು ವಿಂಟರ್‌ಹಾಲ್ಟರ್ ಚಿತ್ರಿಸಿದ. ಮರೊಕೆಟ್ಟಿ ಅವಳ ಎದೆಮಟ್ಟದ ಶಿಲ್ಪ ಮಾಡಿದ. ವಿಕ್ಟೋರಿಯಾ ರಾಣಿಯ ಆಸರೆಗೆ ಬಂದ ಹುಡುಗಿಗೆ ಮುಖ ಸಿಕ್ಕಿತು. ಛಾಯಾಚಿತ್ರ ನಮ್ಮ ನಾಡಿಗೆ ಬರುವ ಮೊದಲೇ ಸತ್ತ ದಂಗೆಕೋರರಿಗೆ ಮುಖ ಕಲ್ಪಿಸುವ ಹೊಣೆ ಶಿಲ್ಪಿಯ ಮೇಲೆ ಬಿತ್ತು. ಅದರಲ್ಲೂ ‘ಕಲ್ಯಾಣಸ್ವಾಮಿ’ ಎಂದು ಜನ ನಂಬಿ ಹಿಂಬಾಲಿಸಿದವನು ನಿಜದಲ್ಲಿ ಪುಟ್ಟಬಸಪ್ಪ. ಸೆರೆಯಲ್ಲಿದ್ದವನೊಬ್ಬನ ಹೆಸರನ್ನು ಹೊತ್ತು ಅರಸನಾಗಿ ನಡೆದ ಅವನನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ವೇಷ ಅರಸನದು, ಕುತ್ತಿಗೆ ಅವನದೇ. ಇದನ್ನು ಕಂಚಿನಲ್ಲಿ ಹೇಗೆ ಎರಕ ಹೊಯ್ಯುವುದು?

ಕಾದಂಬರಿಗೆ ಇದು ಸಾಧ್ಯವಾಗಿದೆ. ನಿರಂಜನರು ‘ಸ್ವಾಮಿ ಅಪರಂಪರ’, ‘ಕಲ್ಯಾಣಸ್ವಾಮಿ’ ಎರಡನ್ನೂ ಈ ಬಂಡಾಯದ ಸುತ್ತಲೇ ಬರೆದರು. ಹೆಸರು ಒಬ್ಬನಿಂದ ಇನ್ನೊಬ್ಬನಿಗೆ ದಾಟುವುದನ್ನು, ಸುಳ್ಳೊಂದು ಜನರ ಸತ್ಯವಾಗುವುದನ್ನು ಗದ್ಯ ಸಾವಧಾನವಾಗಿ ಹಿಡಿಯಬಲ್ಲದು. ಪ್ರತಿಮೆ ಒಂದೇ ನೋಟಕ್ಕೆ ಒಂದೇ ಮಾತು ಹೇಳಬೇಕು.

ಹಾಗೆಂದು ಶಿಲ್ಪ ಕೈಚೆಲ್ಲಬೇಕಿಲ್ಲ. ವೀರನೊಬ್ಬನ ಬದಲು ಕಂದಾಯದ ಭತ್ತದ ಮೂಟೆ, ಸುಳ್ಯದಿಂದ ಮಂಗಳೂರಿಗೆ ನಡೆದ ದಾರಿ, ಗೌಡರ ಜೊತೆಗೇ ಹೊರಟ ಕುಡಿಯರು, ಇವೂ ವಸ್ತುವಾಗಬಲ್ಲವು. ಕುಡಿಯರ ಹೆಸರಿನಲ್ಲಿ ವೃತ್ತವಾಗಲಿ ಗುಡ್ಡೆಯಾಗಲಿ ಕೇಳಿಲ್ಲ. ಪ್ರತಿಮೆಗೆ ಹಾರ ಹಾಕುವ ದಿನ ಈ ಬಿಟ್ಟುಹೋದವರ ಲೆಕ್ಕವನ್ನೂ ಕೇಳುವುದು ನೋಡುಗರ ಕೆಲಸ. ಇಲ್ಲದಿದ್ದರೆ ಗಾರೆಯ ಆನೆಗಳಿಗೆ ಸಿಗುವ ಫೋಟೊವೇ ಅಪ್ಪಯ್ಯ ಗೌಡರಿಗೂ ಸಿಗುತ್ತದೆ, ಅಷ್ಟೇ.