‘ವಿದ್ಯುದೀಕೃತ ಗ್ರಾಮ’: ಒಂದು ಪದದ ಅರ್ಥವಿಚಾರ

ಲಕ್ಷಣವು ಬದಲಾದರೆ ಲಕ್ಷ್ಯವೂ ಬದಲಾಗುವುದೆಂಬುದು ಶಾಸ್ತ್ರಜ್ಞರಿಗೆ ಹೊಸದಲ್ಲ. ಸರಕಾರದ ವರದಿಗಳಲ್ಲಿ ಬರುವ ‘ವಿದ್ಯುದೀಕೃತ ಗ್ರಾಮ’ವೆಂಬ ಪದವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. 1997ಕ್ಕೆ ಮೊದಲು, ಊರಿನ ಕಂದಾಯದ ಮೇರೆಯೊಳಗೆ ಯಾವ ಕಾರ್ಯಕ್ಕಾದರೂ ವಿದ್ಯುತ್ತು ಬಳಕೆಯಾದರೆ ಸಾಕಾಗಿದ್ದಿತು. ಹೊಲದ ಪಂಪೊಂದು ತಿರುಗಿದರೆ, ಮನೆಗಳೆಲ್ಲ ಕತ್ತಲಲ್ಲಿದ್ದರೂ ಗ್ರಾಮವು ಬೆಳಗಿದಂತೆಯೇ! 2004ರ ಲಕ್ಷಣವು ದಲಿತರ ಕೇರಿಗೂ ಶಾಲೆಗೂ ತಂತಿ ಮುಟ್ಟಬೇಕೆಂದಿತು. ಇದು ನಿಜವಾದ ಸುಧಾರಣೆ. ಆದರೂ ಮನೆಗಳಲ್ಲಿ ನೂರಕ್ಕೆ ಹತ್ತು ಸಾಕೆಂದು ಬಿಟ್ಟಿತು. 2018ರ ಏಪ್ರಿಲ್ 28ರಂದು ದೇಶದ ಗ್ರಾಮಗಳೆಲ್ಲವೂ ವಿದ್ಯುದೀಕೃತವಾದುವೆಂದು ಸಾರಿದುದು ಈ ಲಕ್ಷಣದ ಬಲದಿಂದಲೇ. ದೀಪವು ಎಷ್ಟು ಹೊತ್ತು ಉರಿಯಬೇಕೆಂಬ ಮಾತು ಅದರಲ್ಲಿಲ್ಲ.

ಈ ಕೊರತೆಯು ರಾಯಚೂರು ಸೀಮೆಯಲ್ಲಿ ಎದ್ದು ಕಾಣುವುದು. ಕೃಷ್ಣಾತೀರದ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕವು 1985ರಲ್ಲಿ ನಡೆಯತೊಡಗಿತು; ಎಂಟು ಘಟಕಗಳ ಸ್ಥಾಪಿತ ಸಾಮರ್ಥ್ಯ 1720 ಮೆಗಾವಾಟ್. ಆದರೆ ಅಲ್ಲಿಯ ವಿದ್ಯುತ್ತು ಸೇರುವುದು ಜಾಲವನ್ನು, ನೆರೆಯೂರನ್ನಲ್ಲ. ಮಾನ್ವಿ ಸೀಮೆಯ ಬಾಗಲವಾಡದಂತಹ ಊರಿಗೆ ಸಾಮೀಪ್ಯವೊಂದೇ ಬೆಳಕಾಗದು. ರಸ್ತೆಯ ವಿಷಯದಲ್ಲಿ ಲಕ್ಷಣಕಾರರು ಹೆಚ್ಚು ಎಚ್ಚರದಿಂದಿದ್ದರು: 2000ದಲ್ಲಿ ಮೊದಲಾದ ಗ್ರಾಮಸಡಕ್ ಯೋಜನೆಯು ‘ಸರ್ವಋತು’ ಎಂಬ ವಿಶೇಷಣದೊಡನೆ ಗುತ್ತಿಗೆದಾರನಿಗೆ ಐದು ವರ್ಷದ ಪಾಲನೆಯನ್ನೂ ಹೊರಿಸಿತು. ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಎರೆಭೂಮಿಯಲ್ಲಿ, ಅಂತಹ ಕಾಲದ ಕಟ್ಟಿಲ್ಲದೆ ಆ ವಿಶೇಷಣವು ಎರಡು ಮಳೆಗಾಲವೂ ನಿಲ್ಲುತ್ತಿರಲಿಲ್ಲ.