ಮಂದ್ರದಲ್ಲಿ ನೆಲೆನಿಂತ ದನಿ

ಈ ವಾರ ಬಪ್ಪಿ ಲಾಹಿರಿಯವರ ಡಿಸ್ಕೋ ಹಾಡುಗಳನ್ನು ಕೇಳೋಣ ಎಂದು ಕಳೆದ ಸಲ ಮಾತು ಕೊಟ್ಟಿದ್ದೆ. ಅದರಂತೆ 'ಪ್ಯಾರಾ ದುಶ್ಮನ್', 'ಅರ್ಮಾನ್', 'ಡಿಸ್ಕೋ ಡಾನ್ಸರ್' ಮೂರನ್ನೂ ಎದುರಿಗಿಟ್ಟುಕೊಂಡು ಕೂತೆ. 1980ರಿಂದ 1982ರ ನಡುವೆ ಸಿಂಥಸೈಜರ್ ಬಂದು ಪಿಟೀಲುಗಳ ಸಾಲನ್ನು ಹೇಗೆ ಹಿಂದಕ್ಕೆ ಸರಿಸಿತು ಎನ್ನುವುದು ಬರೆಯಬೇಕಿದ್ದ ವಿಷಯ. ಆದರೆ ಮೂರು ಚಿತ್ರಗಳಲ್ಲೂ ಉಷಾ ಉತ್ತುಪ್ ಹಾಡಿದ್ದಾರೆ. ಅವರ ದನಿ ಶುರುವಾದ ಮೇಲೆ ಬೇರೆ ಯಾವುದರ ಮೇಲೂ ಗಮನ ನಿಲ್ಲಲಿಲ್ಲ. ಸುತ್ತ ಅಷ್ಟೊಂದು ತಾಳ, ಅಷ್ಟೊಂದು ತಂತಿ. ಬೇಸ್ ಗಿಟಾರ್ ಓಡಾಡುವ ಜಾಗಕ್ಕೆ ಹತ್ತಿರದಲ್ಲೇ ಈಕೆಯ ಸ್ವರಗಳೂ ಓಡಾಡುತ್ತವೆ. ಆದರೂ ಒಂದಕ್ಷರವೂ ಮುಳುಗುವುದಿಲ್ಲ. ಅದು ಹೇಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಹೋದೆ, ಡಿಸ್ಕೋ ಅಲ್ಲೇ ಉಳಿಯಿತು.

ಎಂಬತ್ತರ ಹತ್ತಿರ ಬಂದಿರುವ ಉಷಾ ಇವತ್ತಿಗೂ ವೇದಿಕೆಯಲ್ಲಿದ್ದಾರೆ. 2011ರಲ್ಲಿ ಪದ್ಮಶ್ರೀ, 2024ರಲ್ಲಿ ಪದ್ಮಭೂಷಣ ಬಂದಾಗ ಪತ್ರಿಕೆಗಳೆಲ್ಲ ಬರೆದದ್ದು ಅವರ ಕಾಂಜೀವರಂ ಸೀರೆ, ಅಗಲವಾದ ಬಿಂದಿ, ಮುಡಿಯ ತುಂಬ ಹೂವು, ಬತ್ತದ ಉತ್ಸಾಹದ ಬಗ್ಗೆ. ಸೀರೆಯ ಬಗ್ಗೆ ನನಗೂ ಹೇಳುವುದಿದೆ, ಮುಂದೆ ಹೇಳುತ್ತೇನೆ. ಆದರೆ ಉತ್ಸಾಹವೊಂದೇ ಯಾರನ್ನೂ ಅರ್ಧ ಶತಮಾನಕ್ಕೂ ಮೀರಿ ಹಾಡಿಸುವುದಿಲ್ಲ. ಉತ್ಸಾಹ ತುಂಬಿ ತುಳುಕುತ್ತಿದ್ದ ಎಷ್ಟೋ ಗಾಯಕಿಯರು ಐವತ್ತೈದು ದಾಟುವ ಹೊತ್ತಿಗೆ ತಮ್ಮದೇ ಹಳೆಯ ಹಾಡುಗಳ ಎದುರು ಸೋತದ್ದನ್ನು ನಾವೆಲ್ಲ ನೋಡಿದ್ದೇವೆ. ಉಷಾ ಉಳಿದದ್ದಕ್ಕೆ ಕಾರಣ ಅವರ ಗಂಟಲಲ್ಲಿದೆ, ಆ ಗಂಟಲನ್ನು ಇದ್ದ ಹಾಗೆಯೇ ಒಪ್ಪಿಕೊಂಡ ಧೈರ್ಯದಲ್ಲಿದೆ.

ವಯಸ್ಸಾದಂತೆ ಹೆಣ್ಣುದನಿ ಕೆಳಗಿಳಿಯುತ್ತದೆ. ಇದು ಶರೀರದ ಧರ್ಮ. ಮೇಲಿನ ಸ್ವರಗಳು ತೆಳುವಾಗುತ್ತವೆ, ಕೆಳಗಿನವು ದಪ್ಪವಾಗುತ್ತವೆ. ಇಡೀ ಕಸುಬನ್ನು ತಾರಸ್ಥಾಯಿಯ ಮೇಲೆ ಕಟ್ಟಿಕೊಂಡವರಿಗೆ ಪ್ರತಿ ವರ್ಷವೂ ನಷ್ಟವೇ. ಮಂದ್ರ, ಮಧ್ಯಗಳಲ್ಲಿ ಕಟ್ಟಿಕೊಂಡವರಿಗೆ ಅದೇ ವಯಸ್ಸು ಹೊಸ ನಾದ ತಂದುಕೊಡುತ್ತದೆ. ಉಷಾ ಮೊದಲಿನಿಂದಲೂ ಕೆಳಗೆ ಇದ್ದವರು. ಹೀಗಾಗಿ ಅವರು ಕಳೆದುಕೊಳ್ಳಬೇಕಾದದ್ದು ಕಡಿಮೆ.

ಆ ದನಿಯನ್ನು ಮೊದಲು ತಿರಸ್ಕರಿಸಿದ್ದು ಶಾಲೆ. 1947ರಲ್ಲಿ ಹುಟ್ಟಿ, ಮುಂಬೈಯ ತಮಿಳು ಕುಟುಂಬವೊಂದರಲ್ಲಿ ಬೆಳೆದ ಹುಡುಗಿ, ತಂದೆ ಪೊಲೀಸ್ ಅಧಿಕಾರಿ. ಬೈಕುಲಾದ ಕಾನ್ವೆಂಟಿನ ಸಂಗೀತ ತರಗತಿಯಲ್ಲಿ ಈ ದನಿ ಗುಂಪಿಗೆ ಹೊಂದುವುದಿಲ್ಲ ಎಂದು ಹೊರಗಿಟ್ಟರು. ಹುಡುಗಿಯಲ್ಲಿ ಲಯವಿದೆ ಎಂದು ಕಂಡ ಶಿಕ್ಷಕಿ ಕೈಗೆ ಟ್ರಯಾಂಗಲ್ ಕೊಟ್ಟು ನುಡಿಸಲು ಹೇಳಿದರಂತೆ. ಅಷ್ಟರ ಮಟ್ಟಿಗೆ ಆಕೆಯ ಕಿವಿ ದೊಡ್ಡದು. ಆದರೆ ಅಂಥ ದನಿಗೆ ಒಪ್ಪುವ ಶ್ರುತಿ ಯಾವುದು ಎಂದು ಹುಡುಕುವ ಕೆಲಸವನ್ನು ಅಲ್ಲಿ ಯಾರೂ ಮಾಡಲಿಲ್ಲ.

ಮಾಡಿದ್ದು ರೇಡಿಯೊ. ಅಕ್ಕಂದಿರು ಆಗಲೇ ಹಾಡುತ್ತಿದ್ದರು. ಅವರ ಮೂಲಕ ಅಮೀನ್ ಸಯಾನಿಯವರ ಪರಿಚಯವಾಗಿ, ರೇಡಿಯೊ ಸಿಲೋನಿನ ಓವಲ್ಟೀನ್ ಕಾರ್ಯಕ್ರಮದಲ್ಲಿ ಹಾಡಿದಾಗ ಉಷಾ ಇನ್ನೂ ಚಿಕ್ಕ ಹುಡುಗಿ. ಇದೇ ಸಯಾನಿಯವರ ಬಿನಾಕಾ ಗೀತಮಾಲಾಕ್ಕಾಗಿ ಬುಧವಾರದ ಸಂಜೆ ಹುಬ್ಬಳ್ಳಿಯಿಂದ ಮೈಸೂರಿನವರೆಗೆ ಎಷ್ಟು ಮನೆಗಳಲ್ಲಿ ಕಿರುತರಂಗದ ಮುಳ್ಳು ತಿರುಗುತ್ತಿತ್ತು ಎಂದು ಈ ಅಂಕಣದ ಹಳೆಯ ಓದುಗರಿಗೆ ನೆನಪಿಸಬೇಕಿಲ್ಲ. ರೇಡಿಯೊ ಆ ಹುಡುಗಿಗೆ ಕಲಿಸಿದ ಮುಖ್ಯ ಪಾಠ ಮೈಕ್. ಮೈಕ್ ಬರುವ ಮುನ್ನ ಸಭೆಯ ಕೊನೆಯ ಸಾಲಿಗೆ ಕೇಳಬೇಕೆಂದರೆ ದನಿ ಏರಿಸಲೇಬೇಕಿತ್ತು. ನಮ್ಮ ಕಂಪನಿ ನಾಟಕಗಳ ನಟನಟಿಯರು ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದದ್ದಕ್ಕೆ ಅದೇ ಕಾರಣ. ಮೈಕ್ ಆ ಕಡ್ಡಾಯವನ್ನು ತೆಗೆದುಹಾಕಿತು. ಅಷ್ಟೇ ಅಲ್ಲ, ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವ ಮೈಕನ್ನು ತುಟಿಗೆ ಹತ್ತಿರ ತಂದಷ್ಟೂ ಕೆಳಗಿನ ಕಂಪನಗಳು ಉಬ್ಬಿಕೊಳ್ಳುತ್ತವೆ. ಇದನ್ನು ತಿಳಿಯದೆ ಬಳಸಿದರೆ ಮಾತು ಮುದ್ದೆಯಾಗುತ್ತದೆ. ಉಷಾ ಅವರನ್ನು ವೇದಿಕೆಯಲ್ಲಿ ನೋಡುವಾಗ ಮುಖ ಬಿಟ್ಟು ಬಲಗೈ ನೋಡಿ. ಉದ್ದ ಎಳೆಯುವ ಸ್ವರಕ್ಕೆ ಮೈಕ್ ಒಂದು ಅಂಗುಲ ದೂರ, ಪಿಸುಮಾತಿಗೆ ತುಟಿಯ ಬಳಿ, ವ್ಯಂಜನ ಸಿಡಿಯುವ ಕಡೆ ಸ್ವಲ್ಪ ಓರೆ. ಅಕ್ಷರ ಮುಳುಗದೇ ಇರುವುದರ ಗುಟ್ಟು ಅರ್ಧ ಈ ಕೈಯಲ್ಲಿದೆ. ಇನ್ನರ್ಧ ನಾಲಗೆಯಲ್ಲಿದೆ. ಆಕೆ ಸ್ವರಗಳನ್ನು ಎಳೆದು ಕಳೆಯುವುದಿಲ್ಲ, ವ್ಯಂಜನಗಳನ್ನು ಕಡಿದು ಇಡುತ್ತಾರೆ. ಲಯ ಬೀಳುವುದೇ ಆ ವ್ಯಂಜನಗಳ ಮೇಲೆ.

1969ರಲ್ಲಿ ಮದರಾಸಿನ ಮೌಂಟ್ ರೋಡಿನಲ್ಲಿದ್ದ ಸಫೈರ್ ಚಿತ್ರಮಂದಿರದ ನೆಲಮಾಳಿಗೆಯ ನೈನ್ ಜೆಮ್ಸ್ ಕ್ಲಬ್ಬಿನಲ್ಲಿ ಉಷಾ ಅಯ್ಯರ್ ಎಂಬ ಹೆಸರಿನಲ್ಲಿ ಹಾಡಿದರು. ಅಲ್ಲಿಂದ ಮುಂಬೈಯ ಟಾಕ್ ಆಫ್ ದ ಟೌನ್, ಕಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್, ಆಮೇಲೆ ದೆಹಲಿಯ ಒಬೆರಾಯ್. ಪಾರ್ಕ್ ಸ್ಟ್ರೀಟ್ ಆಗ ಪ್ಯಾಮ್ ಕ್ರೇನ್ ಅವರಂಥ ಜಾಝ್ ಗಾಯಕಿಯರ ಬೀದಿ. ಕ್ಲಬ್ಬಿನಲ್ಲಿ ಹಾಡುವ ಹೆಣ್ಣು ಉದ್ದನೆಯ ಗೌನು ತೊಡಬೇಕು ಎಂಬುದು ಅಲ್ಲಿನ ರಿವಾಜು. ಉಷಾ ಮನೆಯಲ್ಲಿ ಉಡುತ್ತಿದ್ದ ಸೀರೆಯಲ್ಲೇ ಹೋದರು. ಇಲ್ಲಿ ಸೀರೆಯ ಮಾತು ಬರುತ್ತದೆ. ಅದನ್ನು ಎಲ್ಲರೂ ವೇಷದ ವಿಷಯವಾಗಿ ನೋಡುತ್ತಾರೆ. ನನಗೆ ಅದು ದನಿಯ ವಿಷಯವಾಗಿಯೇ ಕಾಣುತ್ತದೆ.

ಏಕೆಂದರೆ ದನಿಯ ಎತ್ತರಕ್ಕೂ ಹೆಣ್ಣಿನ ನಡತೆಗೂ ಗಂಟು ಹಾಕಿದ್ದು ನಮ್ಮ ಸಿನಿಮಾ. ಬೆಳ್ಳಿತೆರೆಯ ಮೇಲೆ ತುಳಸಿಕಟ್ಟೆ ಸುತ್ತುವ ನಾಯಕಿಗೆ ತೆಳುವಾದ, ಏರುಶ್ರುತಿಯ ದನಿ. ಕ್ಲಬ್ಬಿನಲ್ಲಿ ಕುಣಿಯುವವಳಿಗೆ, ನಾಯಕನನ್ನು ಬಲೆಗೆ ಬೀಳಿಸುವವಳಿಗೆ ಎದೆಯಿಂದ ಬರುವ, ಒರಟು ಅಂಚಿನ ದನಿ. ಹಿಂದಿಯಲ್ಲಿ ಹೀಗೇ, ಕನ್ನಡದಲ್ಲೂ ಹೀಗೇ. 'ಪರೋಪಕಾರಿ' (1970) ಚಿತ್ರದಲ್ಲಿ ಉಪೇಂದ್ರಕುಮಾರ್ ಸಂಗೀತಕ್ಕೆ ಎಲ್.ಆರ್. ಈಶ್ವರಿ ಹಾಡಿದ್ದನ್ನು ಇವತ್ತಿಗೂ ಆರ್ಕೆಸ್ಟ್ರಾಗಳು ಬಿಟ್ಟಿಲ್ಲ. 'ಸಂಶಯ ಫಲ'ಕ್ಕೆ ಸಲಿಲ್ ಚೌಧುರಿಯವರು ಅದೇ ದನಿಯಿಂದ ತೆಗೆಸಿದ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಇಷ್ಟು ದೊಡ್ಡ ಗಾಯಕಿಗೆ ನಾಯಕಿಯ ಲಾಲಿ, ನಾಯಕಿಯ ವಿರಹ ಎಷ್ಟು ಸಲ ಸಿಕ್ಕಿತು? ಜಾನಕಿ, ಸುಶೀಲಾ ಅವರ ಬಗ್ಗೆ ನನಗಿರುವ ಗೌರವ ಈ ಅಂಕಣದಲ್ಲಿ ಬೇಕಾದಷ್ಟು ಸಲ ಬಂದಿದೆ. ನನ್ನ ತಕರಾರು ಅವರ ಮೇಲಲ್ಲ, ದನಿಗಳಿಗೆ ಹಣೆಬರಹ ಬರೆದವರ ಮೇಲೆ. ಕ್ಲಬ್ಬಿನ ದನಿ ಮತ್ತು ಮನೆಯ ಸೀರೆ ಒಂದೇ ಮೈಯಲ್ಲಿ ಕಂಡಾಗ ಆ ಬರಹ ಹುಸಿಯಾಯಿತು. ಟ್ರಿಂಕಾಸಿಗೆ ಜನ ಕುಟುಂಬ ಸಮೇತ ಬರತೊಡಗಿದ್ದು ಆಮೇಲೆ.

ಹಿಂದಿ ಸಿನಿಮಾ ಮಾತ್ರ ಹಳೆಯ ಗೆರೆಯನ್ನು ಅಳಿಸಲಿಲ್ಲ. 'ಬಾಂಬೆ ಟಾಕಿ'ಯಲ್ಲಿ (1970) ಶಂಕರ್ ಜೈಕಿಷನ್ ಹಾಡಿಸಿದರು. ಮರುವರ್ಷ 'ಹರೇ ರಾಮ ಹರೇ ಕೃಷ್ಣ'ದಲ್ಲಿ ಆರ್.ಡಿ. ಬರ್ಮನ್ ಆಶಾ ಭೋಸ್ಲೆಯವರ ಜೊತೆಗೆ ಹಾಡಿಸಿದರು, ಉಷಾಗೆ ಇಂಗ್ಲಿಷ್ ಸಾಲುಗಳು. 'ಶಾಲಿಮಾರ್' (1978) ಬಂತು, ಮತ್ತೆ ಬಪ್ಪಿಯವರ ಡಿಸ್ಕೋ ಬಂತು. ಎಲ್ಲವೂ ಪಾರ್ಟಿ, ಎಲ್ಲವೂ ಕುಣಿತ. ಕಲ್ಕತ್ತಾದಲ್ಲಂತೂ 1983ರ ಸುಮಾರಿಗೆ ಲೋಕೋಪಯೋಗಿ ಸಚಿವ ಜತಿನ್ ಚಕ್ರವರ್ತಿ ಈಕೆಯ ಹಾಡು ಅಪಸಂಸ್ಕೃತಿ ಎಂದು ಸರ್ಕಾರಿ ಸಭಾಂಗಣಗಳ ಬಾಗಿಲು ಮುಚ್ಚಿಸಿದರು. ಉಷಾ ಹೈಕೋರ್ಟಿಗೆ ಹೋಗಿ ಗೆದ್ದರು. ಊರನ್ನೂ ಬಿಡಲಿಲ್ಲ, ಶೈಲಿಯನ್ನೂ ಬದಲಿಸಲಿಲ್ಲ. ಅದೇ ನಗರದಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದರು. ಇಂದು ಬಂಗಾಳ ಆಕೆಯನ್ನು ತನ್ನವಳೆನ್ನುತ್ತದೆ.

ದನಿಗೆ ಹೀಗೆ ಜಾತಿ ಹಚ್ಚಿದ ನಾಡಿನಲ್ಲಿ ಧಾರವಾಡದ ನೆಲದಿಂದ ಒಂದು ದೊಡ್ಡ ಉತ್ತರ ಮೊದಲೇ ಬಂದಿತ್ತು. ಬಪ್ಪಿಯಿಂದ ಹೊರಟ ನಾನು ತಲುಪಿದ್ದು ಗಂಗೂಬಾಯಿ ಹಾನಗಲ್ ಅವರಲ್ಲಿಗೆ, ತಲುಪಬೇಕಾದದ್ದೂ ಅಲ್ಲಿಗೇ. 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳನ್ನು ಕೇಳಿದರೆ, ಜಿ.ಎನ್. ಜೋಶಿಯವರ ಜೊತೆಗಿನ ಮರಾಠಿ ಯುಗಳಗೀತೆಗಳನ್ನು ಕೇಳಿದರೆ, ಅಲ್ಲಿರುವುದು ಚೂಪಾದ, ಹಗುರವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಇಳಿಯಿತು, ಗಂಡುದನಿಯಂತಾಯಿತು. ಬೇರೆಯವರಾದರೆ ತಂಬೂರಿಗೆ ಗವಸು ಹಾಕಿಬಿಡುತ್ತಿದ್ದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ವಿದ್ಯೆಯನ್ನು ಬಾಯಿಯವರು ಹೊಸ ದನಿಗೆ ಹೊಸದಾಗಿ ಒಗ್ಗಿಸಿಕೊಂಡರು.

ಅವರ ಮಾರ್ವಾವನ್ನು ಒಮ್ಮೆ ಕೂತು ಕೇಳಿ. ಮಾರ್ವಾ ಷಡ್ಜವನ್ನು ತಡೆದು ಹಿಡಿಯುವ ರಾಗ. ಕೋಮಲ ರಿಷಭ, ಶುದ್ಧ ಧೈವತಗಳ ನಡುವೆ ಕೇಳುಗನನ್ನು ತೂಗುಬಿಟ್ಟು, ಮನೆಗೆ ಬರುವುದನ್ನು ಮುಂದೂಡುತ್ತ ಹೋಗುತ್ತದೆ. ತೆಳುದನಿಯಲ್ಲಿ ಆ ತಡೆ ಅಳುಕಿನಂತೆ ಕೇಳಿಸುತ್ತದೆ. ಬಾಯಿಯವರು ಮಂದ್ರ ಧೈವತದ ಮೇಲೆ ನಿಂತರೆ ಹಾಗಿಲ್ಲ. ಅವಸರವೇ ಇಲ್ಲ. ಆ ಸ್ವರವೇ ನೆಲ ಎನ್ನುವಷ್ಟು ಗಟ್ಟಿಯಾಗಿ ನಿಲ್ಲುತ್ತಾರೆ. ಅಲ್ಲಿಂದ ನಿಷಾದಕ್ಕೆ, ಮೇಲಿನ ರಿಷಭಕ್ಕೆ, ಮತ್ತೆ ಕೆಳಕ್ಕೆ. ಒಂದೊಂದು ಸ್ವರಕ್ಕೂ ತೂಕವಿದೆ, ಎತ್ತಿ ಇಡುವ ಶ್ರಮ ಕೇಳಿಸುತ್ತದೆ, ಆ ಶ್ರಮದಲ್ಲೇ ಘನತೆ ಇದೆ. ಕಡೆಗೆ ಷಡ್ಜ ಬಂದಾಗ ಅದು ನಮ್ಮ ಪಾಲಿಗೆ ದೊಡ್ಡ ಸಮಾಧಾನ. ಕೆಳದನಿಯಲ್ಲಿ ಹೆಣ್ಣು ಏನೇನು ಹೇಳಬಲ್ಲಳು ಎಂಬುದಕ್ಕೆ ನಾನು ಬಲ್ಲ ಅತ್ಯುತ್ತಮ ಪ್ರಮಾಣ ಇದು. ತೊಂಬತ್ತರ ಗಡಿಯವರೆಗೂ ಬಾಯಿಯವರು ಕಛೇರಿ ಮಾಡುತ್ತಿದ್ದರು.

ಖಯಾಲ್ ಗಾಯಕಿಯನ್ನೂ ಪಾಪ್ ಗಾಯಕಿಯನ್ನೂ ಒಂದೇ ಅಂಕಣದಲ್ಲಿ ಕೂರಿಸುವುದಕ್ಕೆ ಕೆಲವು ರಸಿಕರು ಮುಖ ಸಿಂಡರಿಸುವುದು ನನಗೆ ಗೊತ್ತು. ಉಷಾ 'ಮನರಂಜಕಿ', ಗಾಯಕಿಯಲ್ಲ ಎಂದು ವಾದಿಸುವ ವಿಮರ್ಶಕ ಮಿತ್ರರೊಬ್ಬರಿದ್ದಾರೆ. ಅವರ ಪಾಲಿಗೆ ಮೇಲಿನ ಪಂಚಮ ಮುಟ್ಟದ್ದು ಗಾಯನವೇ ಅಲ್ಲ. ಆ ಪಂಥದ ಬೆಳೆ ಈಗ ಟೆಲಿವಿಷನ್ನಿನಲ್ಲಿ ಹುಲುಸಾಗಿದೆ. ರಿಯಾಲಿಟಿ ಶೋಗಳಲ್ಲಿ ಹತ್ತು ಹನ್ನೆರಡರ ಹುಡುಗಿಯರು ಚರಣದ ಕೊನೆಗೆ ಕತ್ತಿನ ನರ ಉಬ್ಬಿಸಿ ಮೇಲಿನ ಸ್ವರ ಹಿಡಿದ ಕೂಡಲೇ ತೀರ್ಪುಗಾರರು ಎದ್ದು ನಿಲ್ಲುತ್ತಾರೆ. ಅನುಪಲ್ಲವಿಯಲ್ಲಿ ಕೆಳಗಿನ ಪಂಚಮವನ್ನು ತುಂಬುದನಿಯಲ್ಲಿ ಹಿಡಿದ ಮಗುವಿಗೆ ಯಾರೂ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ಆ ಮಗುವಿಗೆ ಸಿಗುವ ಸಲಹೆ, ಶ್ರುತಿ ಏರಿಸಿಕೋ. ಬೆಳೆಯುವ ಗಂಟಲಿಗೆ ಇದಕ್ಕಿಂತ ಹಾನಿ ಬೇರೆ ಬೇಕಿಲ್ಲ. ಉಷಾ ಕೇರಳದ 'ಐಡಿಯಾ ಸ್ಟಾರ್ ಸಿಂಗರ್'ನಲ್ಲಿ ತೀರ್ಪುಗಾರರಾಗಿ ಕೂತರು, ಮಲಯಾಳಿ ಮನೆಗಳಿಗೆ ಅತ್ತೆಯಷ್ಟೇ ಪರಿಚಿತರಾದರು. ಕನ್ನಡದ ವಾಹಿನಿಗಳ ತೀರ್ಪುಪೀಠಗಳಲ್ಲಿ ಅಂಥ ಕೆಳದನಿಯ ಹೆಂಗಸೊಬ್ಬರು ಕಾಯಂ ಆಗಿ ಕೂರಬೇಕು.

ನಟನೆಯನ್ನೂ ಅವರು ಬಿಟ್ಟಿಲ್ಲ. 'ಪೋತ್ತನ್ ವಾವ'ದಲ್ಲಿ (2006) ಮಮ್ಮೂಟ್ಟಿಯವರ ಜೊತೆ, 'ಮನ್ಮದನ್ ಅಂಬು'ವಿನಲ್ಲಿ (2010) ಕಮಲ್ ಹಾಸನ್ ಅವರ ಜೊತೆ ಕಾಣಿಸಿಕೊಂಡರು. ನನಗೆ ಮುಖ್ಯವಾದದ್ದು 2011ರ '7 ಖೂನ್ ಮಾಫ್'. ವಿಶಾಲ್ ಭಾರದ್ವಾಜ್ ರಷ್ಯದ ಜನಪದ ಶೈಲಿಯ ಹಾಡು 'ಕಲಿಂಕಾ'ವನ್ನು ಹಿಡಿದು ಕಟ್ಟಿದ 'ಡಾರ್ಲಿಂಗ್' ಹಾಡಿಗೆ ಉಷಾ ಅವರನ್ನೂ ರೇಖಾ ಭಾರದ್ವಾಜ್ ಅವರನ್ನೂ ಒಟ್ಟಿಗೆ ಕರೆದರು. ಇಬ್ಬರದ್ದೂ ಕೆಳದನಿ, ಒಂದು ಗಂಟೆಯಂಥದ್ದು, ಇನ್ನೊಂದು ಹೊಗೆಯಾಡುವಂಥದ್ದು. ಹಾಡು ಸೇರುವುದು ಕ್ಲಬ್ಬಿನ ಕುಣಿತಗಾತಿಗಲ್ಲ, ಚಿತ್ರದ ನಾಯಕಿಗೆ. ಆ ವರ್ಷದ ಫಿಲ್ಮ್‌ಫೇರ್ ಅತ್ಯುತ್ತಮ ಗಾಯಕಿ ಪ್ರಶಸ್ತಿ ಇಬ್ಬರಿಗೂ ಸೇರಿ ಬಂತು. ಹಿಂದಿ ಸಿನಿಮಾ ಆ ಹಳೆಯ ಗೆರೆ ದಾಟಲು ನಲವತ್ತು ವರ್ಷ ಬೇಕಾಯಿತು.

ಕೀನ್ಯಾದಲ್ಲಿ ಸ್ವಾಹಿಲಿಯಲ್ಲಿ ಹಾಡಿ ಜೋಮೋ ಕೆನ್ಯಾಟಾ ಅವರಿಂದ ಗೌರವ ಪೌರತ್ವ ಪಡೆದವರು, ಅಡೆಲ್ ಅವರ 'ಸ್ಕೈಫಾಲ್' ಹಾಡಿ ಮೊಮ್ಮಕ್ಕಳ ವಯಸ್ಸಿನವರನ್ನು ನಿಲ್ಲಿಸಿದವರು, ಮೊನ್ನೆ ಮೊನ್ನೆ ಟ್ರಿಂಕಾಸಿನಲ್ಲೇ ಮೈಲಿ ಸೈರಸ್ ಹಾಡಿದ 'ಫ್ಲವರ್ಸ್' ಅನ್ನು ತನ್ನದಾಗಿಸಿಕೊಂಡವರು. ಅವರು ಹಾಡಿದ ಹದಿನೇಳು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇದೆ. ನಮ್ಮಲ್ಲಿ ತುಂಬುದನಿಗೆ ಹಸಿವಿಲ್ಲವೆಂದೇನೂ ಅಲ್ಲ. 'ನನ್ನ ಪ್ರೀತಿಯ ಹುಡುಗಿ'ಗೆ (2001) ಮನೋಮೂರ್ತಿಯವರು ರಂಗಭೂಮಿಯ ಬಿ. ಜಯಶ್ರೀಯವರಿಂದ ಹಾಡಿಸಿದಾಗ ಬೀದಿ ಬೀದಿಯಲ್ಲಿ ಅದು ಮೊಳಗಿತು. ಆದರೆ ಅದೂ ತಮಾಷೆಯ ಹಾಡು. ಕನ್ನಡದ ಸಂಗೀತ ನಿರ್ದೇಶಕರೊಬ್ಬರು ಈಗಲಾದರೂ ಉಷಾ ಉತ್ತುಪ್ ಅವರಿಗಾಗಿ ಒಂದು ವಿಲಂಬ ಲಯದ ಹಾಡು ಕಟ್ಟಬೇಕು, ಕುಣಿತವಿಲ್ಲದ್ದು, ಪಲ್ಲವಿ ಮಂದ್ರದಲ್ಲೇ ಶುರುವಾಗುವಂಥದ್ದು. ಶ್ರುತಿಯನ್ನು ಕೀಬೋರ್ಡಿನಲ್ಲಿ ಮೊದಲೇ ಇಟ್ಟುಕೊಂಡು ಹೋಗದೆ, ಅವರನ್ನು ಕೇಳಿ ಇಡಬೇಕು.