ಹಳೆಯ ಕಂಪ್ಯೂಟರ್ ಎಂದರೆ ಬರೀ ಆಟವೇ?

ನ್ಯಾಮತಿಯ ನಿವೃತ್ತ ಮೇಷ್ಟ್ರೊಬ್ಬರು ಹೋದ ವರ್ಷ ನನ್ನ ಕೈಗೆ ಎರಡು ಫ್ಲಾಪಿ ಇಟ್ಟು, "ಬೀಸೋ ಪದ ಎಲ್ಲಾ ಇದ್ರಾಗೆ ಅದಾವೆ ನೋಡಮ್ಮ, ನನ್ ಕೈಲಿ ಇನ್ನು ತೆರೆಯಕ್ಕಾಗಲ್ಲ" ಅಂದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹೆಂಗಸರ ಹಾಡುಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಅದು ನಿಧಿ. ಫ್ಲಾಪಿ ಡ್ರೈವ್ ಹುಡುಕಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದೇ ಫ್ಲಾಪಿಯಲ್ಲಿದ್ದ ಡಾಸ್ ಕಾಲದ ಕನ್ನಡ ತಂತ್ರಾಂಶವನ್ನು ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರಿನಲ್ಲಿ ಓಡಿಸಿದ ಮೇಲೆಯೇ ಹಾಡುಗಳು ಕಂಡವು. ಎಮ್ಯುಲೇಟರ್ ಎಂದರೆ ಇಂದಿನ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಕಟ್ಟುವ ತಂತ್ರಾಂಶ. ಹಳೆಯ ಪ್ರೋಗ್ರಾಮು ಆ ವೇಷವನ್ನು ನಂಬಿ ಕೆಲಸ ಮಾಡುತ್ತದೆ.

ಮೇಷ್ಟ್ರು ಎಡಗಡೆ ಹೊನ್ನಾಳಿಯ ಪಾಠ, ಬಲಗಡೆ ಜಗಳೂರಿನ ಪಾಠ ಇಟ್ಟು ಸಾಲಿಗೆ ಸಾಲು ಹೊಂದಿಸಿದ್ದರು. ಹೊಳೆದಂಡೆಯವರ ಭತ್ತದ ಎದುರಿಗೆ ಬಯಲುಸೀಮೆಯವರ ಜೋಳ. ಅವರ ಸಂಪಾದನೆ ಇರುವುದು ಆ ಜೋಡಣೆಯಲ್ಲೇ.

ಯುನಿಕೋಡಿಗೆ ಪರಿವರ್ತಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ನಾನೂ ಮಾಡಿ ನೋಡಿದೆ. ಸಾಲುಗಳ ಜೋಡಣೆ ಮೊದಲ ಪುಟದಲ್ಲೇ ಕೆಟ್ಟಿತು. ಇನ್ನು ಅರ್ಕಾವೊತ್ತು. ಹಳೆಯ ಫಾಂಟುಗಳು ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇಡುತ್ತವೆ. ಯುನಿಕೋಡಿನಲ್ಲಿ ರಕಾರ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ. ಗ್ರಂಥಸಂಪಾದನೆ ಓದಿದವರಿಗೆ ಇದು ಹೊಸದಲ್ಲ. ಪರಿವರ್ತಕ ಒಬ್ಬ ಲಿಪಿಕಾರ, ಅವನ ಪ್ರತಿಯನ್ನು ತಿದ್ದಲು ಮೂಲದ ಓಲೆಗರಿ ಬೇಕು. ಎಮ್ಯುಲೇಟರ್ ಕೊಡುವುದು ಆ ಓಲೆಗರಿಯ ದರ್ಶನ.

ಜಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದಾಗ ಮೊದಲು ಬಂದ ಪ್ರಶ್ನೆ, "ಫೋನಲ್ಲಿ ಬರಲ್ವಾ ಮೇಡಂ?" ಅವರಲ್ಲಿ ಹೆಚ್ಚಿನವರಿಗೆ ಫೋನೇ ಕಂಪ್ಯೂಟರು.

ಆ ಪ್ರಶ್ನೆಯ ಬೆನ್ನು ಹತ್ತಿ ಆ್ಯಪಲ್‌ನ ಆ್ಯಪ್ ಸ್ಟೋರ್ ನಿಯಮಗಳನ್ನು ಒಂದು ಪಠ್ಯದಂತೆ ಓದಿದೆ. ಆ್ಯಪು ಹೊರಗಿನಿಂದ ಕೋಡ್ ತಂದು ಓಡಿಸಬಾರದು ಎನ್ನುತ್ತದೆ 2.5.2ನೇ ನಿಯಮ. ಪರಿಶೀಲಕರ ಕಣ್ಣಿಗೆ ಬೀಳದ ಕೋಡ್ ಬಳಕೆದಾರರ ಫೋನು ಹೊಕ್ಕಬಾರದೆಂಬ ಕಾಳಜಿ ಸರಿಯೇ. ಆದರೆ ಎಮ್ಯುಲೇಟರಿನ ಕೆಲಸವೇ ಅದು. ಡಾಸ್‌ಬಾಕ್ಸ್ ಆಧಾರಿತ ಐಡಾಸ್ 2, 2021ರಲ್ಲಿ ಈ ನಿಯಮಕ್ಕೆ ಸಿಕ್ಕಿ ಅಂಗಡಿಯಿಂದ ಹೊರಬಿತ್ತು. 2024ರ ಏಪ್ರಿಲ್‌ನಲ್ಲಿ 4.7ನೇ ನಿಯಮ ತಿದ್ದಿ ಹಳೆಯ ಗೇಮ್ ಕನ್ಸೋಲ್‌ಗಳ ಎಮ್ಯುಲೇಟರಿಗೆ ಬಾಗಿಲು ತೆರೆದರು. ಜೂನ್‌ನಲ್ಲಿ ಐಡಾಸ್ 3 ಮತ್ತು ಯುಟಿಎಂ ಎಸ್‌ಇ ಬಂದಾಗ ಬಾಗಿಲು ಮುಚ್ಚಿತು: ಪಿಸಿ ಎಂಬುದು ಕನ್ಸೋಲ್ ಅಲ್ಲವಂತೆ! ಜುಲೈನಲ್ಲಿ ಯುಟಿಎಂ ಎಸ್‌ಇಗೆ ಒಪ್ಪಿಗೆ ಸಿಕ್ಕಿತು (ಎಸ್‌ಇ ಎಂದರೆ 'ನಿಧಾನದ ಆವೃತ್ತಿ', ಮಾಡಿದವರೇ ಹಾಗೆ ಕರೆದಿದ್ದಾರೆ). ಆಗಸ್ಟ್‌ನಲ್ಲಿ ನಿಯಮಕ್ಕೆ ಪಿಸಿ ಎಮ್ಯುಲೇಟರೂ ಸೇರಿತು.

ಸೇರಿದ ರೀತಿ ಮಾತ್ರ ನನ್ನನ್ನು ಕಾಡುತ್ತದೆ. ಪಿಸಿ ಎಮ್ಯುಲೇಟರುಗಳು ಆಟಗಳನ್ನು ಇಳಿಸಿಕೊಳ್ಳಲು ಬಿಡಬಹುದು ಎಂಬರ್ಥದ ಮಾತು ಅಲ್ಲಿದೆ. ಹಳೆಯ ಪಿಸಿಯಲ್ಲಿ ಯಾರಾದರೂ ಬರೆದಿರಬಹುದು ಎಂಬ ಕಲ್ಪನೆ ಆ ವಾಕ್ಯಕ್ಕಿಲ್ಲ. ಕನ್ನಡದ ಮಟ್ಟಿಗೆ ಡಾಸ್ ಕಾಲದ ಪಿಸಿಯ ಚರಿತ್ರೆ ಬಹುಪಾಲು ಬರವಣಿಗೆಯ ಚರಿತ್ರೆ. ಕೆ.ಪಿ. ರಾವ್ ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು', ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು.

ಜಗಳೂರಲ್ಲಿ ಐಫೋನ್ ಹಿಡಿದವರೆಷ್ಟು ಮಂದಿ ಎಂದು ನೀವು ಕೇಳಬಹುದು. ಸರಿ, ಆಂಡ್ರಾಯ್ಡ್‌ನಲ್ಲಿ ಡಾಸ್ ಎಮ್ಯುಲೇಟರುಗಳಿಗೆ ಈ ತೊಡಕಿರಲಿಲ್ಲ. ಆದರೂ ಹಳೆಯದರಲ್ಲಿ ಉಳಿಯತಕ್ಕದ್ದು ಏನೆಂದು ಹೆಸರಿಸುವ ಅಧಿಕಾರ ಅಂಗಡಿಯವರ ಕೈಗೆ ಹೋದದ್ದು ಸಣ್ಣ ಸಂಗತಿಯಲ್ಲ.

ಎಮ್ಯುಲೇಟರಿನಿಂದ ಎಲ್ಲವೂ ಬದುಕುತ್ತದೆಂದೂ ನಾನು ಹೇಳಲಾರೆ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡಿನಲ್ಲಿ ಭಾರತೀಯ ಲಿಪಿ ಮೂಡಿಸುವ ಕೆಲಸ ಪಿಸಿಗೆ ಸಿಕ್ಕಿಸುವ ಆ ಹಲಗೆಯದೇ. ಡಾಸ್‌ಬಾಕ್ಸ್‌ಗೆ ಆ ಹಲಗೆಯ ವೇಷ ಗೊತ್ತಿಲ್ಲ.

ಸದ್ಯಕ್ಕೆ ಪರದೆಯ ಚಿತ್ರ ತೆಗೆದು ಜಗಳೂರಿನ ಹುಡುಗರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ, ದಿನಕ್ಕೆ ಎರಡು ಪುಟ. ಎರಡನೆಯ ಫ್ಲಾಪಿಗೆ ಬೂಷ್ಟು ಹಿಡಿದಿದೆ. ಅದನ್ನು ಡ್ರೈವಿಗೆ ಹಾಕುವ ಧೈರ್ಯ ಇನ್ನೂ ಬಂದಿಲ್ಲ.